ಬ್ರೇಕಪ್ ಆದ್ರೆ ಕ್ಲಬ್ಬು ಯಾರದ್ದು?

ನನ್ನ ರೂಮ್‌ಮೇಟ್ ಬಳಸೋದು ಅವನ ಅತ್ತಿಗೆಯ ಕಿಂಡಲ್ ಅಕೌಂಟ್. ಹಾಗಾಗಿ ಅದನ್ನ ತೆರೆದ್ರೆ ಥರ್ಮೋಡೈನಮಿಕ್ಸ್ ಪುಸ್ತಕದ ಪಕ್ಕದಲ್ಲೇ ಟ್ಯಾಟೂ ಹಾಕಿಸಿಕೊಂಡ ಗಡ್ಡದ ಗಂಡಸರ ಫೋಟೋ ಸಾಲಾಗಿ ಕಾಣುತ್ತೆ. "ಮೋಟರ್‌ಸೈಕಲ್ ಕ್ಲಬ್ ರೊಮ್ಯಾನ್ಸ್" ಅಂತ ಇಂಗ್ಲಿಷಿನಲ್ಲಿ ಅದೊಂದು ದೊಡ್ಡ ಜಾತಿ. ಅದರೊಳಗೆ "ಸೆಕೆಂಡ್ ಚಾನ್ಸ್" ಅನ್ನೋದು ಒಂದು ಒಳಪಂಗಡ. ಇಂಟರ್ನಲ್ಸ್ ಹಿಂದಿನ ರಾತ್ರಿ ಓದೋಕೆ ಬೇರೆ ಏನೂ ಇಲ್ಲದವನ ಹಾಗೆ ಕೂತು ಒಂದನ್ನ ಪೂರ್ತಿ ಮುಗಿಸಿದೆ. ಹೀರೋ ಊರು ಬಿಟ್ಟು ಹೋಗಿರ್ತಾನೆ, ಎಷ್ಟೋ ವರ್ಷದ ಮೇಲೆ ವಾಪಸ್ ಬರ್ತಾನೆ. ಕ್ಲಬ್ಬಿನವರೆಲ್ಲ ಸೇರಿ ಏನೋ ಸುಳ್ಳು ಹೇಳಿ ಹಳೇ ಹುಡುಗಿಯನ್ನ ಕರೆಸ್ತಾರೆ, ಅವನು ಅಲ್ಲಿ ನಿಂತಿರ್ತಾನೆ. ಅಷ್ಟೇ, ಒಂದಾಗ್ತಾರೆ. ನಿನಗೆ ಬರೋಕೆ ಇಷ್ಟ ಇದೆಯಾ ಅಂತ ಅವಳನ್ನ ಯಾರೂ ಕೇಳಲ್ಲ.

ಓದಿ ನಗಾಡಿದ್ದೆ. ಅಕ್ಟೋಬರ್‌ನಲ್ಲಿ ನಮ್ಮ ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಅದೇ ಪ್ಲಾನ್ ಬಂದಾಗ ನಗು ಬರ್ಲಿಲ್ಲ.

ನಮ್ಮ ಕ್ಲಬ್ ಅಂದ್ರೆ ಅಂಥ ದೊಡ್ಡದೇನಲ್ಲ. ಮೈಸೂರಿನ ಸುಮಾರು ಮೂವತ್ತು ಜನ. ಅರ್ಧ ನಮ್ಮ ಕಾಲೇಜಿನವರು, ಉಳಿದವರು ಪಾಸ್ ಆಗಿ ಕೆಲಸಕ್ಕೆ ಸೇರಿದ ಹಳೇ ಸೀನಿಯರ್‌ಗಳು. ಬುಲೆಟ್ ಇದೆ, ಪಲ್ಸರ್ ಇದೆ, ಮೈಸೂರಲ್ಲವಾ, ನಾಲ್ಕೈದು ಯೆಜ್ಡಿನೂ ಇವೆ. ಭಾನುವಾರ ಬೆಳಿಗ್ಗೆ ಐದೂವರೆಗೆ ಸೇರೋದು, ಮೇಲುಕೋಟೆಗೋ ಗುಂಡ್ಲುಪೇಟೆ ಕಡೆಗೋ ಹೋಗೋದು, ಇಡ್ಲಿ ತಿನ್ನೋದು, ಹನ್ನೆರಡರೊಳಗೆ ವಾಪಸ್. ಎಲ್ಲರಿಗಿಂತ ಮುಂದೆ ಹೋಗಿ ದಾರಿ ತೋರಿಸೋನು ಲೀಡ್, ಕೊನೆಯಲ್ಲಿ ಬರೋನು ಸ್ವೀಪ್. ಯಾರಾದ್ರೂ ನಿಂತ್ರೆ ಸ್ವೀಪ್ ಕೂಡ ನಿಲ್ಲಬೇಕು, ಅವರನ್ನ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. ಸ್ವೀಪ್ ನಾನು. ದೊಡ್ಡ ಅನುಭವಸ್ಥ ಅಂತ ಅಲ್ಲ, ಹೊಗೆ ಬಿಡೋ ಗಾಡಿ ಹಿಂದೇನೇ ಇರ್ಲಿ ಅಂತ.

ಆ ಹೊಗೆ ಬಿಡೋ ಗಾಡಿ ನಮ್ಮ ತಾತನ ಯೆಜ್ಡಿ ರೋಡ್‌ಕಿಂಗ್. ಇದೇ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು. ಹೊಸಬರಿಗೆ ಹೇಳ್ತೀನಿ: 1961ರಲ್ಲಿ ಇಲ್ಲಿ ಜಾವಾ ತಯಾರಾಗೋಕೆ ಶುರುವಾಯ್ತು, 1973ರಲ್ಲಿ ಅದಕ್ಕೆ ಯೆಜ್ಡಿ ಅಂತ ಹೆಸರು ಬಂತು, 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಎರಡೂ ಹೆಸರು ಹೊಸ ಕಂಪನಿಯ ಕೈಯಲ್ಲಿ ಮತ್ತೆ ರೋಡಿಗೆ ಬಂದವು. ಹೊಸದು ಫೋರ್ ಸ್ಟ್ರೋಕ್, ಅದರಲ್ಲಿ 2ಟಿ ಆಯಿಲ್ ವಾಸನೆ ಇಲ್ಲ ಅಂತ ನಮ್ಮ ಹಿರಿಯರು ಮೂಗು ಮುರೀತಾರೆ, ಅದು ಬೇರೆ ವಿಷಯ. ಒಟ್ಟಿನಲ್ಲಿ ಸತ್ತೇ ಹೋಯ್ತು ಅಂತ ಎಲ್ಲರೂ ಕೈಬಿಟ್ಟಿದ್ದ ಬ್ರ್ಯಾಂಡಿಗೂ ಈ ಊರಿನವರು ಎರಡನೇ ಚಾನ್ಸ್ ಕೊಟ್ಟಿದ್ದಾರೆ.

ತಾತನ ಗಾಡಿ ಊರಲ್ಲಿ ಕೊಟ್ಟಿಗೆ ಪಕ್ಕ ತೆಂಗಿನ ಗರಿ ಕೆಳಗೆ ಎಷ್ಟೋ ವರ್ಷ ಬಿದ್ದಿತ್ತು. ಫಸ್ಟ್ ಇಯರ್ ದಸರಾ ರಜೆಯಲ್ಲಿ ಅದನ್ನ ಟೆಂಪೋದಲ್ಲಿ ಹಾಕ್ಕೊಂಡು ಮೈಸೂರಿಗೆ ತಂದೆ. ಕಿಕ್ಕರ್ ಅಲ್ಲಾಡ್ತಿರಲಿಲ್ಲ. ಪಿಸ್ಟನ್ ಸಿಲಿಂಡರಿಗೆ ಅಂಟಿಕೊಂಡು ಕೂತಿತ್ತು. ಅದನ್ನ ಬಿಡಿಸೋಕೇ ಹತ್ತು ದಿನ ಎಣ್ಣೆ ಹಾಕಿ ಕಾದ್ವಿ. ಆಮೇಲೆ ಬೋರಿಂಗ್, ಹೊಸ ಪಿಸ್ಟನ್, ಕ್ರ್ಯಾಂಕ್. ಕ್ಲಬ್ಬಿನ ಒಬ್ಬ ಅಣ್ಣ ನನ್ನ ಒಂದು ಪಾರ್ಟಿಗೋಸ್ಕರ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಅರ್ಧ ದಿನ ಅಲೆದಿದ್ದಾರೆ. ಇನ್ನೊಬ್ಬರು ತಮ್ಮ ಹಳೇ ಕಾರ್ಬ್ಯುರೇಟರ್ ಬಿಚ್ಚಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಎಂಟು ತಿಂಗಳು. "ಬಿಟ್ಟಾಕು ಮಗಾ, ಗುಜರಿಗೆ ಹಾಕು" ಅಂತ ಒಬ್ಬರೂ ಒಂದು ದಿನವೂ ಹೇಳ್ಲಿಲ್ಲ.

ಗಾಡಿಯ ಕರೆಂಟ್ ಕೆಲಸ ಮಾಡಿಸಿದ್ದು ಅಕ್ಕ. ಹೆಸರು ಬರೆಯಲ್ಲ. ಇದನ್ನ ಬರೆಯೋಕೆ ಮುಂಚೆ ಇಬ್ಬರನ್ನೂ ಕೇಳಿದ್ದೀನಿ, ಬರೀ, ಹೆಸರು ಮಾತ್ರ ಬೇಡ ಅಂದ್ರು. ಅಕ್ಕ ಟ್ರಿಪಲ್‌ಇ, ನನಗಿಂತ ಒಂದು ವರ್ಷ ಸೀನಿಯರ್. ಹಳೇ 6 ವೋಲ್ಟ್ ವೈರಿಂಗು, ಇಲಿ ಕಡಿದು ಯಾವ ವೈರ್ ಎಲ್ಲಿಗೆ ಹೋಗ್ತಿತ್ತು ಅಂತಾನೇ ಗೊತ್ತಾಗ್ತಿರಲಿಲ್ಲ. ಅಕ್ಕ ಎರಡು ಸಂಜೆ ಹಾಸ್ಟೆಲ್ ಪಾರ್ಕಿಂಗ್‌ನಲ್ಲಿ ನೆಲದ ಮೇಲೆ ಕೂತು, ಮಲ್ಟಿಮೀಟರ್ ಹಿಡಿದು, ಲಾಂಗ್ ನೋಟ್‌ಬುಕ್ಕಿನ ಹಾಳೆಯಲ್ಲಿ ಪೂರ್ತಿ ಡಯಾಗ್ರಾಂ ಬರೆದು ಕೊಟ್ರು, ನಾಲ್ಕು ಬಣ್ಣದ ಪೆನ್ನಲ್ಲಿ.

ಅಕ್ಕ ಕ್ಲಬ್ಬಿಗೆ ಬಂದಿದ್ದು ಒಬ್ಬ ಸೀನಿಯರ್ ಅಣ್ಣನ ಬುಲೆಟ್‌ನ ಹಿಂದಿನ ಸೀಟಲ್ಲಿ. ಅಣ್ಣ ಕ್ಲಬ್ ಶುರು ಮಾಡಿದವರಲ್ಲಿ ಒಬ್ಬರು. ಇಬ್ಬರದ್ದೂ ಎಲ್ಲರಿಗೂ ಗೊತ್ತಿದ್ದ ವಿಷಯ. ಅಕ್ಕ ಬಂದ ಮೇಲೆ ನಮ್ಮ ರೈಡ್‌ಗಳಿಗೆ ಒಂದು ತಲೆ ಬುಡ ಬಂತು ಅಂತಾನೇ ಹೇಳಬೇಕು. ಎಲ್ಲಿ ಪೆಟ್ರೋಲ್ ಹಾಕಿಸೋದು, ಎಲ್ಲಿ ನಿಲ್ಲೋದು, ಫಸ್ಟ್ ಏಡ್ ಡಬ್ಬ ಯಾರ ಹತ್ರ, ಎಲ್ಲ ಅವರದ್ದೇ. 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ವಲ್ಲ, ಆ ಸರ್ವಿಸ್ ರೋಡ್ ಎಲ್ಲಿ ಕಟ್ ಆಗತ್ತೆ, ಎಲ್ಲಿ ಮತ್ತೆ ಸಿಗತ್ತೆ ಅಂತ ಅವರು ಬರೆದಿಟ್ಟ ಪಟ್ಟಿಯನ್ನೇ ಇವತ್ತಿಗೂ ನಾವು ನೋಡೋದು.

ಹೋದ ಫೆಬ್ರವರಿಯಲ್ಲಿ ಇಬ್ಬರೂ ಬೇರೆಯಾದ್ರು. ಯಾಕೆ ಅಂತ ನನಗೆ ಗೊತ್ತಿಲ್ಲ, ಗೊತ್ತಿದ್ರೂ ಇಲ್ಲಿ ಬರೆಯೋ ವಿಷಯ ಅಲ್ಲ. ಒಂದು ಮಾತು ಮಾತ್ರ ಸ್ಪಷ್ಟ ಮಾಡ್ತೀನಿ: ಹೊಡೆಯೋದು, ಹೆದರಿಸೋದು, ಫೋಟೋ ಹರಿಬಿಡೋದು ಅಂಥದ್ದೇನೂ ಇಲ್ಲಿ ನಡೆದಿರಲಿಲ್ಲ. ನಡೆದಿದ್ರೆ ಈ ಲೇಖನವೇ ಬೇರೆ ಆಗ್ತಿತ್ತು, ಅಂಥವರಿಗೆ ಎರಡನೇ ಚಾನ್ಸಿನ ಮಾತೇ ಇಲ್ಲ. ಇಬ್ಬರು ಪ್ರೀತಿಸಿದ್ರು, ಸರಿ ಹೋಗಲಿಲ್ಲ, ಅಷ್ಟು.

ಆ ವಾರ ಒಬ್ಬರು ನನಗೆ ಪರ್ಸನಲ್ ಆಗಿ ಮೆಸೇಜ್ ಹಾಕಿದ್ರು. "ಮಗಾ, ಅವಳನ್ನ ಗ್ರೂಪಿಂದ ತೆಗಿ. ಇವನಿಗೆ ಆಕ್ವರ್ಡ್ ಆಗತ್ತೆ." ನಾನು ಆಗ ಹೊಸದಾಗಿ ಅಡ್ಮಿನ್ ಆಗಿದ್ದೆ. ಫಸ್ಟ್ ಇಯರ್ ಹುಡುಗನಿಗೆ ಅಡ್ಮಿನ್ ಮಾಡಿದ್ದೇ ದೊಡ್ಡ ಗೌರವ. ಮೆಸ್‌ನಲ್ಲಿ ಕ್ಯೂ ನಿಂತಿದ್ದೆ, ಒಂದು ಕೈಯಲ್ಲಿ ತಟ್ಟೆ. ಹೆಸರು ಒತ್ತಿ ಹಿಡಿದೆ, ರಿಮೂವ್ ಅಂತ ಬಂತು, ಒತ್ತಿದೆ. ಮೂರು ಸೆಕೆಂಡಿನ ಕೆಲಸ. ಅದೇ ದಿನ ಸಂಜೆ ಅದೇ ಗ್ರೂಪಿನಲ್ಲಿ ನನ್ನ ಕ್ರ್ಯಾಂಕ್‌ಶಾಫ್ಟ್ ವಿಷಯಕ್ಕೆ ನಲವತ್ತಕ್ಕೂ ಹೆಚ್ಚು ಮೆಸೇಜು. ಅಕ್ಕ ಎಲ್ಲಿ ಅಂತ ಯಾರೂ ಕೇಳ್ಲಿಲ್ಲ. ನಾನೂ ಒಂದು ಫೋನ್ ಮಾಡ್ಲಿಲ್ಲ.

ಅಣ್ಣಂದಿರನ್ನ ಕೆಟ್ಟವರು ಅಂತ ತೋರಿಸೋಕೆ ಇದನ್ನ ಬರೀತಿಲ್ಲ. ರಾತ್ರಿ ಹನ್ನೊಂದಕ್ಕೆ ಪಂಕ್ಚರ್ ಆಗಿ ನಿಂತಿದ್ದೀನಿ ಅಂದ್ರೆ ಪಂಪ್ ಹಿಡ್ಕೊಂಡು ಬರೋ ಜನ ಅವರು. ಅದಕ್ಕೇ ನನಗೆ ಇದು ಹೆಚ್ಚು ಚುಚ್ಚೋದು. ತುಕ್ಕು ಹಿಡಿದ ಕಬ್ಬಿಣಕ್ಕೆ ಎಂಟು ತಿಂಗಳು ತಾಳ್ಮೆ ಇದ್ದವರಿಗೆ ಮನುಷ್ಯರ ವಿಷಯದಲ್ಲಿ ಎಂಟು ದಿನ ಇರ್ಲಿಲ್ಲ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಹಳೇ ಜಾವಾ ಯೆಜ್ಡಿ ಇಟ್ಟವರೆಲ್ಲ ಸೇರೋ ದಿನ, ಮೈಸೂರಲ್ಲಿ ಅದೊಂದು ಹಬ್ಬದ ಥರ. ನನ್ನ ಗಾಡಿ ಮೊದಲ ಸಲ ಹೊರಗೆ ಬಂದಿದ್ದು ಅವತ್ತೇ. ಎಲ್ಲ ಬಂದು ಬೆನ್ನು ತಟ್ಟುತ್ತಿದ್ರು. ರಸ್ತೆ ಆ ಕಡೆ ಅಕ್ಕ ನಿಂತಿದ್ರು, ಒಬ್ಬರೇ, ಒಂದು ಹಳೇ ಸ್ಪ್ಲೆಂಡರ್ ಪಕ್ಕ. ಅವರ ಅಪ್ಪನ ಗಾಡಿ ಅಂತ ಆಮೇಲೆ ಗೊತ್ತಾಯ್ತು. ರಜೆಯಲ್ಲಿ ಊರಿಗೆ ಹೋಗಿ ಗೇರ್ ಗಾಡಿ ಕಲಿತು, ಲೈಸೆನ್ಸ್ ಮಾಡಿಸಿಕೊಂಡು ಬಂದಿದ್ದಾರೆ. ನನ್ನ ಹೆಡ್‌ಲೈಟ್ ಉರೀತಿರೋದನ್ನ ದೂರದಿಂದ ನೋಡಿದ್ರು, ನಾನು ನೋಡಿದ್ದನ್ನೂ ನೋಡಿದ್ರು. ನಾನು ಬಗ್ಗಿ ಸ್ಪಾರ್ಕ್ ಪ್ಲಗ್ ಚೆಕ್ ಮಾಡೋ ಹಾಗೆ ನಾಟಕ ಮಾಡಿದೆ. ತಲೆ ಎತ್ತೋ ಹೊತ್ತಿಗೆ ಸ್ಪ್ಲೆಂಡರ್ ಇರ್ಲಿಲ್ಲ.

ಅಕ್ಟೋಬರ್‌ಗೆ ಬರ್ತೀನಿ. ಅಣ್ಣನಿಗೆ ತಪ್ಪು ಮಾಡಿದೆ ಅನ್ನಿಸಿದೆ, ಅಕ್ಕನ ಜೊತೆ ಮತ್ತೆ ಮಾತಾಡಬೇಕು ಅಂತ ಆಸೆ. ಇದನ್ನ ಅವರು ಇಬ್ಬರು ಮೂವರಿಗೆ ಹೇಳಿಕೊಂಡಿದ್ದಾರೆ, ಅಷ್ಟಕ್ಕೇ ಗ್ರೂಪ್ ಹೊತ್ತಿಕೊಂಡಿತು. ಪ್ಲಾನ್ ರೆಡಿ: ಗೋಪಾಲಸ್ವಾಮಿ ಬೆಟ್ಟದ ರೈಡ್, ಬೆಟ್ಟದ ಬುಡದಲ್ಲಿ ಎಲ್ಲ ಗಾಡಿ ಎರಡು ಸಾಲಾಗಿ ನಿಲ್ಲಿಸೋದು, ಮಧ್ಯದಲ್ಲಿ ಅಣ್ಣ, ಕೇಕು, ಡ್ರೋನ್ ಕೂಡ ಯಾರೋ ತರ್ತಾರಂತೆ. ನನಗೆ ಕೊಟ್ಟ ಕೆಲಸ: "ಅವಳನ್ನ ಗ್ರೂಪಿಗೆ ವಾಪಸ್ ಹಾಕು, ಮಾಮೂಲಿ ರೈಡ್ ಅಂತ ಹೇಳು."

ಅಂದ್ರೆ ನೋಡಿ, ರೈಡರ್ ಆಗಿ ಅಕ್ಕನಿಗೆ ನಮ್ಮಲ್ಲಿ ಜಾಗ ಇರ್ಲಿಲ್ಲ. ಅಣ್ಣನ ಸರ್‌ಪ್ರೈಸಿಗೆ ಬೇಕಾದಾಗ ಜಾಗ ಆಯ್ತು.

ನಾನು ಗ್ರೂಪಿಗೆ ಹಾಕಲಿಲ್ಲ, ಫೋನ್ ಮಾಡಿದೆ. ಮೊದಲು ಸಾರಿ ಕೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಒಂದು ಫೋನ್ ಮಾಡಿದ್ರೆ ನಾನೇ ಲೆಫ್ಟ್ ಆಗ್ತಿದ್ದೆ ಕಣೋ" ಅಂದ್ರು. ಆಮೇಲೆ ರೈಡ್ ವಿಷಯ ಹೇಳಿದೆ, ಸರ್‌ಪ್ರೈಸನ್ನೂ ಹೇಳಿಬಿಟ್ಟೆ. ಅವರು ಕೇಳಿದ್ದು ಒಂದೇ: "ನೀವು ನನ್ನನ್ನ ರೈಡ್‌ಗೆ ಕರೀತಿದ್ದೀರೋ, ಅವನಿಗೋಸ್ಕರ ಕರೀತಿದ್ದೀರೋ?" ನನ್ನ ಹತ್ರ ಉತ್ತರ ಇರ್ಲಿಲ್ಲ.

ಈ ಪ್ರಶ್ನೆಯನ್ನ ಕ್ಯಾಂಪಸ್ಸಿನಲ್ಲಿ ಎಲ್ಲ ಗುಂಪಿನವರೂ ಕೇಳಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ, ಬರೀ ಬೈಕಿನವರಲ್ಲ. ಡ್ಯಾನ್ಸ್ ಟೀಮ್, ಕ್ವಿಜ್ ಟೀಮ್, ಟ್ರೆಕ್ಕಿಂಗ್, ಈ ಕನ್ನಡ ಸಂಘವೂ ಸೇರಿ. ಎಲ್ಲ ಕಡೆ ಜೋಡಿಗಳಾಗ್ತಾವೆ, ಒಡೀತಾವೆ. ಒಡೆದಾಗ ಕಾಣೆಯಾಗೋದು ಯಾರು ಅಂತ ನಿಮ್ಮ ಗುಂಪಿನ ಹಳೇ ಫೋಟೋ ತೆಗೆದು ನೋಡಿ. ಯಾರು ಮೊದಲು ಸೇರಿದ್ರೋ ಅವರದ್ದು ಗುಂಪು ಅಂತ ಒಂದು ಬರೆಯದ ರೂಲ್ ಇದೆ. ಬೈಕ್ ಕ್ಲಬ್ಬಿನಲ್ಲಿ ಇನ್ನೂ ಒಂದು ಸೇರಿಕೊಳ್ಳುತ್ತೆ: ಗಾಡಿ ಯಾರದ್ದೋ ಅವನೇ ಮೆಂಬರ್, ಹಿಂದೆ ಕೂತವರು ಲಗೇಜು.

ಅಮೆರಿಕದ ಕೆಲವು ಔಟ್‌ಲಾ ಮೋಟರ್‌ಸೈಕಲ್ ಕ್ಲಬ್ಬುಗಳಲ್ಲಿ ಹೆಂಗಸರಿಗೆ ಮೆಂಬರ್‌ಶಿಪ್ಪೇ ಇಲ್ಲ. ಮೆಂಬರ್‌ನ ಹೆಂಡತಿಯೋ ಗೆಳತಿಯೋ ಹಾಕ್ಕೊಳ್ಳೋ ಜಾಕೆಟ್ ಬೆನ್ನಿನ ಮೇಲೆ "ಇಂಥವನ ಆಸ್ತಿ" ಅನ್ನೋ ಅರ್ಥದ ಪ್ಯಾಚ್ ಇರತ್ತೆ. ಇದನ್ನ ಓದಿ ಥೂ ಅನ್ನೋದು ಸುಲಭ. ನಾವು ಪ್ಯಾಚ್ ಹೊಲಿಸಿರಲಿಲ್ಲ ಅಷ್ಟೇ. ನಮ್ಮ ಗ್ರೂಪಿನಲ್ಲಿ ಅಕ್ಕನ ನಂಬರ್ ಎಷ್ಟೋ ಜನರ ಫೋನಲ್ಲಿ ಅಣ್ಣನ ಹೆಸರಿನ ಮುಂದೆ "ಜಿಎಫ್" ಅಂತ ಸೇವ್ ಆಗಿತ್ತು. ಎರಡು ವರ್ಷ ರೂಟ್ ಹಾಕಿ ಕೊಟ್ಟವರ ಹೆಸರು ಅದು. ಅದೇ ಅಮೆರಿಕದಲ್ಲೇ 1940ರಲ್ಲಿ ಹೆಂಗಸರು ಮೋಟರ್ ಮೇಡ್ಸ್ ಅಂತ ತಮ್ಮದೇ ಕ್ಲಬ್ ಕಟ್ಟಿಕೊಂಡಿದ್ದಾರೆ. ನಮ್ಮ ದೇಶದಲ್ಲಿ 2011ರಲ್ಲಿ ಬೈಕರ್ನಿ ಶುರುವಾಯ್ತು. ಅಕ್ಕನಿಗೂ ಒಬ್ಬರು "ನೀವು ಹುಡುಗೀರ ಕ್ಲಬ್ ಸೇರಬಹುದಲ್ಲ" ಅಂದಿದ್ದಾರೆ. ಸೇರಬಹುದು, ಅದು ಅವರಿಷ್ಟ. ನಾವು ಹೊರಗೆ ಹಾಕಿ ಬಾಗಿಲು ಹಾಕ್ಕೊಂಡು, ಪಕ್ಕದ ಮನೆ ಚೆನ್ನಾಗಿದೆ ಹೋಗಿ ಅನ್ನೋದು ಯಾವ ಸೀಮೆ ಮರ್ಯಾದೆ?

ಇಲ್ಲಿ 2016ರ ಜನವರಿಯಿಂದ ಹಿಂದಿನ ಸೀಟಿನವರಿಗೂ ಹೆಲ್ಮೆಟ್ ಕಡ್ಡಾಯ. ಹಿಂದೆ ಕೂತವರಿಗೂ ತಲೆ ಇರತ್ತೆ ಅಂತ ಸರ್ಕಾರಕ್ಕೆ ಗೊತ್ತಾಗಿ ಇಷ್ಟು ವರ್ಷ ಆಯ್ತು, ನಮಗಿನ್ನೂ ಆಗಿಲ್ಲ.

ಎದುರು ವಾದ ಇಲ್ಲ ಅಂತಲ್ಲ. ಗ್ರೂಪಿನಲ್ಲಿ ಜಗಳ ಆದಾಗ ಒಬ್ಬ ಅಣ್ಣ ಹೇಳಿದ್ದು ಇನ್ನೂ ನನ್ನ ತಲೆಯಲ್ಲಿದೆ: ಮನಸ್ಸು ಕೆಟ್ಟಿರೋ ಇಬ್ಬರು ಒಂದೇ ಸಾಲಲ್ಲಿ ಎಂಬತ್ತರ ಸ್ಪೀಡಲ್ಲಿ ಹೋದ್ರೆ ಉಳಿದವರಿಗೂ ಅಪಾಯ. ಇದು ನಿಜ. ಮುಂದಿನವನ ಬ್ರೇಕ್ ಲೈಟ್ ನೋಡೋ ಬದಲು ಯಾರದ್ದೋ ಬೆನ್ನು ನೋಡ್ತಾ ಕೂತರೆ ರೋಡಲ್ಲಿ ಏನು ಬೇಕಾದ್ರೂ ಆಗಬಹುದು. ಆದ್ರೆ ಅದಕ್ಕೆ ಪರಿಹಾರ ಒಬ್ಬರನ್ನೇ ಅಳಿಸಿಹಾಕೋದಾ? ಒಂದು ಭಾನುವಾರ ಇವರು, ಇನ್ನೊಂದು ಭಾನುವಾರ ಅವರು ಬರಲಿ. ಮೂರ್ನಾಲ್ಕು ತಿಂಗಳು ಹಾಗೆ ನಡೀಲಿ, ಆಮೇಲೆ ಅವರೇ ನೋಡ್ಕೊಳ್ತಾರೆ. ಇಷ್ಟು ಸಣ್ಣ ಟೈಮ್‌ಟೇಬಲ್ ಹಾಕೋಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ.

ಇನ್ನೊಂದು ವಾದ: "ಪಾಪ, ಅವನು ಬದಲಾಗಿದ್ದಾನೆ, ಒಂದು ಚಾನ್ಸ್ ಕೊಡಿಸೋಣ." ಕೊಡಿಸೋಣ ಅನ್ನೋ ಪದಕ್ಕೇ ನನ್ನ ತಕರಾರು. ಪ್ರೀತಿಯಲ್ಲಿ ಎರಡನೇ ಚಾನ್ಸ್ ಕೊಡೋದು ಬಿಡೋದು ಆ ಒಬ್ಬರ ಕೈಯಲ್ಲಿದೆ, ಹದಿನೆಂಟು ಬೈಕಿನವರ ಕೈಯಲ್ಲಿ ಅಲ್ಲ. ಎರಡು ಸಾಲು ಗಾಡಿ ನಿಲ್ಲಿಸಿ, ಆಕ್ಸಿಲರೇಟರ್ ಕೊಟ್ಟು ಸದ್ದು ಮಾಡ್ತಾ, ಮೇಲೆ ಡ್ರೋನ್ ಬಿಟ್ಟು, ಮೈಸೂರಿಂದ ಅಷ್ಟು ದೂರ ಕರ್ಕೊಂಡು ಹೋಗಿ ಕೇಳಿದ್ರೆ ಇಲ್ಲ ಅನ್ನೋಕೆ ಎಷ್ಟು ಜನಕ್ಕೆ ಧೈರ್ಯ ಇರತ್ತೆ? ಅಂದ್ರೂ ವಾಪಸ್ ಬರೋದು ಯಾರ ಜೊತೆ? ಸಿನಿಮಾದಲ್ಲಿ ಚೆನ್ನಾಗಿರತ್ತೆ, ಯಾಕಂದ್ರೆ ಅಲ್ಲಿ ಹೀರೋಯಿನ್ ಏನು ಹೇಳ್ತಾಳೆ ಅಂತ ಮೊದಲೇ ಬರೆದಿಟ್ಟಿರ್ತಾರೆ.

ಕ್ಲಬ್ಬಿನ ಕೈಯಲ್ಲಿರೋದು ಬೇರೆ ಚಾನ್ಸು. ಜಾಗ ಕೊಡೋದು. ಅಕ್ಕ ಅಣ್ಣನನ್ನ ಮತ್ತೆ ಒಪ್ಪಲಿ ಬಿಡಲಿ, ಆ ಸಾಲಲ್ಲಿ ಅವರದ್ದೊಂದು ಜಾಗ ಇರಬೇಕು. ಅಣ್ಣನಿಗೂ ಅಷ್ಟೇ, ಅಕ್ಕ ಒಲ್ಲೆ ಅಂದ್ರು ಅಂತ ಅವರನ್ನ ವಿಲನ್ ಮಾಡಿ ಹೊರಗೆ ಹಾಕೋ ಹಾಗಿಲ್ಲ. ಹಾಗಾಗಿ ನಾನು ಗ್ರೂಪಿನಲ್ಲಿ ಇಟ್ಟ ಪ್ರಸ್ತಾಪ ಇಷ್ಟು: ಮೂರು ರೈಡ್ ಬಂದವರು ಮೆಂಬರ್, ಹ್ಯಾಂಡಲ್ ಹಿಡಿದಿರಲಿ ಹಿಂದೆ ಕೂತಿರಲಿ, ಅವರವರ ಸ್ವಂತ ಹೆಸರಲ್ಲಿ. ಯಾರನ್ನೂ ಅವರಿಗೆ ಹೇಳದೆ ತೆಗೆಯೋ ಹಾಗಿಲ್ಲ.

ಎರಡು ದಿನ ಜಗಳ ನಡೀತು. "ನಿನ್ನೆ ಮೊನ್ನೆ ಬಂದವನು ನಮಗೆ ಹೇಳ್ತಾನೆ" ಅಂತ ಬೈಸಿಕೊಂಡೆ. ನಾಲ್ಕು ಜನ ಗ್ರೂಪ್ ಬಿಟ್ಟರು, ಅದರಲ್ಲಿ ನನಗೆ ಕಾರ್ಬ್ಯುರೇಟರ್ ಕೊಟ್ಟವರೂ ಒಬ್ಬರು. ಅದು ನನಗೆ ತುಂಬಾ ಬೇಜಾರಾಯ್ತು, ಅವರ ಮನೆಗೆ ಹೋಗಿ ಮಾತಾಡಬೇಕು, ಇನ್ನೂ ಹೋಗಿಲ್ಲ. ಎಲ್ಲ ಓದಿಕೊಂಡು ಸುಮ್ಮನಿದ್ದದ್ದು ಅಣ್ಣ. ಎರಡನೇ ದಿನ ರಾತ್ರಿ ಒಂದೇ ಸಾಲು ಹಾಕಿದ್ರು: "ಕೇಕು ಡ್ರೋನು ಎಲ್ಲ ಕ್ಯಾನ್ಸಲ್ ಮಾಡಿ. ನನ್ನ ಮಾತು ನಾನೇ ಹೋಗಿ ಆಡ್ತೀನಿ." ಮಾತಾಡಿದ್ರು ಅಂತ ಗೊತ್ತು. ಏನಾಯ್ತು ಅಂತ ನಾನು ಕೇಳಿಲ್ಲ, ದಯವಿಟ್ಟು ನೀವೂ ಕ್ಯಾಂಟೀನಲ್ಲಿ ಕೇಳಬೇಡಿ.

ಕಳೆದ ಭಾನುವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದ್ವಿ. ಮಾಮೂಲಿ ಹದಿನೆಂಟು ಗಾಡಿ ಆಗೋದು, ಈ ಸಲ ಹನ್ನೊಂದು. ಅಣ್ಣ ಬರ್ಲಿಲ್ಲ, "ಈ ವಾರ ಅವಳ ಸರದಿ" ಅಂತ ನನಗೆ ಮೆಸೇಜ್ ಮಾಡಿದ್ರು. ಬೆಟ್ಟದ ಮೇಲೆ ಸ್ವಂತ ಗಾಡಿ ಬಿಡಲ್ಲ, ಕೆಳಗೆ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಹೋಗಬೇಕು. ಬಸ್ಸಿನ ಟೈಮ್ ವಿಚಾರಿಸಿ ಇಟ್ಟಿದ್ದು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಸ್ಪ್ಲೆಂಡರ್ ನೋಡಿ ಒಂದಿಬ್ಬರು ಮೊದಲು ಮುಸಿಮುಸಿ ನಕ್ಕರು. ಪೆಟ್ರೋಲ್ ಲೆಕ್ಕ ಹಾಕೋವಾಗ ನಗು ನಿಂತಿತು.

ನಂಜನಗೂಡು ದಾಟಿ ಸ್ವಲ್ಪ ದೂರ ಹೋಗಿದ್ವಿ, ನನ್ನ ಯೆಜ್ಡಿ ಎರಡು ಸಲ ಕೆಮ್ಮಿ ನಿಂತುಹೋಯ್ತು. ಸ್ವೀಪ್ ನಿಂತರೆ ಹಿಂದೆ ಯಾರೂ ಇರಲ್ಲವಲ್ಲ. ಎಲ್ಲರೂ ಮುಂದೆ ಹೋದ್ರು. ರೋಡ್ ಪಕ್ಕ ತಳ್ಳಿಕೊಂಡು ನಿಲ್ಲಿಸಿ, ಬೆವರು ಒರೆಸಿಕೊಂಡು, ಹತ್ತು ಕಿಕ್ ಹೊಡೆದೆ. ಆ ಕಡೆಯಿಂದ ಒಂದು ಸ್ಪ್ಲೆಂಡರ್ ಯೂ ಟರ್ನ್ ಹೊಡೆದು ವಾಪಸ್ ಬಂತು.

"ಏನೋ, ಡಯಾಗ್ರಾಂ ಇಟ್ಕೊಂಡಿದ್ದೀಯಾ, ಎಸೆದುಬಿಟ್ಟಿಯಾ?"

"ಟೂಲ್‌ಬಾಕ್ಸಲ್ಲಿದೆ ಅಕ್ಕ."

"ಸರಿ, ಮೊದಲು ಪ್ಲಗ್ ಬಿಚ್ಚು."